ಅಪೆಂಡಿಕ್ಸಿನಲ್ಲಿ ಪಾಲಿಪ್ ಇದೆಯಂತೆ, ಮುಂದೇನು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಹೊಟ್ಟೆನೋವೆಂದು ಅಪೆಂಡಿಕ್ಸ್ ತೆಗೆಸಿಕೊಂಡವರು ಹೊಲಿಗೆ ಬಿಚ್ಚಿಸಲು ಹೋದಾಗ ಕೈಗೆ ಬರುವ ಬಯಾಪ್ಸಿ ರಿಪೋರ್ಟಿನಲ್ಲಿ 'ಪಾಲಿಪ್' (ಒಳಗಿನ ಲೋಳೆಪೊರೆಯ ಮೇಲೆ ಎದ್ದ ಬೆಳವಣಿಗೆ) ಎಂಬ ಪದ ಕಂಡು ಗಾಬರಿಯಾಗುವುದುಂಟು. ಆ ಒಂದು ಪದದ ಸುತ್ತಲಿನ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಿಸಿದವರು ಶಸ್ತ್ರಚಿಕಿತ್ಸೆ ಮತ್ತು ರೋಗಶಾಸ್ತ್ರ ವಿಭಾಗಗಳ ತಜ್ಞರು.

ಪ್ರಶ್ನೆ: ನನಗೆ 34 ವರ್ಷ. ಮೂರು ವಾರದ ಹಿಂದೆ ಲ್ಯಾಪರೋಸ್ಕೋಪಿಯಲ್ಲಿ ಅಪೆಂಡಿಕ್ಸ್ ತೆಗೆದರು. ರಿಪೋರ್ಟಿನಲ್ಲಿ 'ಅಕ್ಯೂಟ್ ಅಪೆಂಡಿಸೈಟಿಸ್. ಜೊತೆಗೆ 4 ಮಿ.ಮೀ. ಹೈಪರ್‌ಪ್ಲಾಸ್ಟಿಕ್ ಪಾಲಿಪ್, ಬುಡದ ಮಾರ್ಜಿನ್‌ನಲ್ಲಿ ಪಾಲಿಪ್ ಇಲ್ಲ' ಎಂದಿದೆ. ಇದು ಕ್ಯಾನ್ಸರಿನ ಮೊದಲ ಹಂತವೇ? ಇನ್ನೊಂದು ಆಪರೇಷನ್ ಬೇಕೇ?

ಉತ್ತರ: ಕ್ಯಾನ್ಸರ್ ಅಲ್ಲ, ಇನ್ನೊಂದು ಆಪರೇಷನ್ನೂ ಬೇಡ. ನಿಮ್ಮ ಪಾಲಿಪ್ ಅಪೆಂಡಿಕ್ಸಿನ ಜೊತೆಗೇ ಹೊರಗೆ ಬಂದಿದೆ.

ಅಪೆಂಡಿಕ್ಸ್ ಎಂದರೆ ದೊಡ್ಡ ಕರುಳಿನ ಆರಂಭದ ಚೀಲಕ್ಕೆ, ಅಂದರೆ ಸೀಕಮ್‌ಗೆ, ಅಂಟಿಕೊಂಡ ಸಣ್ಣ ಕುರುಡು ಕೊಳವೆ. ಸಾಮಾನ್ಯವಾಗಿ 8ರಿಂದ 10 ಸೆಂ.ಮೀ. ಉದ್ದ, ಹೊರಗಿನಿಂದ ಅಳೆದರೆ 6 ಮಿ.ಮೀ. ಒಳಗಿನ ದಪ್ಪ. ಒಳಗೋಡೆಗೆ ದೊಡ್ಡ ಕರುಳಿನಂಥದೇ ಲೋಳೆಪೊರೆ ಇರುವುದರಿಂದ ದೊಡ್ಡ ಕರುಳಿನಲ್ಲಿ ಬೆಳೆಯುವ ಪಾಲಿಪ್‌ಗಳೆಲ್ಲ ಇಲ್ಲೂ ಬೆಳೆಯಬಹುದು. ಆದರೆ ಅಪರೂಪ. ತೆಗೆದ ನೂರು ಅಪೆಂಡಿಕ್ಸ್‌ಗಳಲ್ಲಿ ಸುಮಾರು ಒಂದರಲ್ಲಿ ಯಾವುದಾದರೊಂದು ಬಗೆಯ ಗಡ್ಡೆ ಸಿಗುತ್ತದೆ. ನಿರಪಾಯದ ಪಾಲಿಪ್‌ಗಳು ಅದರಲ್ಲೂ ಒಂದು ಪಾಲು ಮಾತ್ರ.

ಪಾಲಿಪ್ ಎಂದಕೂಡಲೇ ತೊಟ್ಟಿನಿಂದ ತೂಗುವ ಹಣ್ಣಿನಂಥದ್ದೇನೋ ಕಣ್ಣಿಗೆ ಬರುತ್ತದೆ. ಅಪೆಂಡಿಕ್ಸಿನೊಳಗೆ ಹಾಗೆ ತೂಗಲು ಜಾಗವೇ ಇಲ್ಲ. ಇಲ್ಲಿಯ ಪಾಲಿಪ್ ಹೆಚ್ಚಾಗಿ ಒಳಗೋಡೆಯ ಮೇಲೆ ಚಪ್ಪಟೆಯಾಗಿ, ಕೆಲವೊಮ್ಮೆ ಕೊಳವೆಯ ಸುತ್ತಲೂ ಬಳೆಯಂತೆ ಹರಡಿಕೊಂಡಿರುತ್ತದೆ. ಹಾಗಾಗಿ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ, ಆಪರೇಷನ್ ಮಾಡುವವರ ಕೈಗೂ ತಿಳಿಯುವುದಿಲ್ಲ. ಮೈಕ್ರೋಸ್ಕೋಪಿನ ಕೆಳಗೆ ಮಾತ್ರ ಗೊತ್ತಾಗುತ್ತದೆ. ನಿಮಗೆ ಮೂರು ವಾರ ತಡವಾಗಿ ತಿಳಿದದ್ದು ಇದೇ ಕಾರಣಕ್ಕೆ, ಯಾರೂ ಮುಚ್ಚಿಟ್ಟಿದ್ದಲ್ಲ.

ಹೈಪರ್‌ಪ್ಲಾಸ್ಟಿಕ್ ಎಂದರೆ ಲೋಳೆಪೊರೆಯ ಸಹಜ ಕೋಶಗಳೇ ಸಂಖ್ಯೆಯಲ್ಲಿ ಹೆಚ್ಚಿ ಒತ್ತೊತ್ತಾಗಿ ನಿಂತಿವೆ ಎಂದರ್ಥ. ಕೋಶಗಳ ಸ್ವಭಾವ ಕೆಟ್ಟಿಲ್ಲ. ನಿಮ್ಮ ಅಪೆಂಡಿಸೈಟಿಸ್‌ಗೆ ಈ ಪಾಲಿಪ್ಪೇ ಕಾರಣವೆಂದು ಹೇಳಲಾಗದು. ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸಿನ ಉರಿಯೂತ, ಹೆಚ್ಚಾಗಿ ಅದರ ಬಾಯಿ ಕಟ್ಟಿಕೊಂಡಾಗ ಬರುತ್ತದೆ. ಹಾಗೆ ಕಟ್ಟಿಕೊಳ್ಳಲು ಸಾಮಾನ್ಯ ಕಾರಣ ಗಟ್ಟಿಯಾದ ಮಲದ ಚೂರು ಅಥವಾ ಊದಿಕೊಂಡ ದುಗ್ಧಗ್ರಂಥಿ ಅಂಗಾಂಶ. ಬುಡದ ಹತ್ತಿರ ಇದ್ದು ದಾರಿಗೆ ಅಡ್ಡವಾಗುವಷ್ಟು ದೊಡ್ಡದಾಗಿದ್ದರೆ ಮಾತ್ರ ಪಾಲಿಪ್ ಮೇಲೆ ಅನುಮಾನಪಡಬೇಕು. 4 ಮಿ.ಮೀ. ಪಾಲಿಪ್ ತುದಿಯಲ್ಲಿದ್ದರೆ ಅದು ನಿರುಪದ್ರವಿ ಸಹವಾಸಿ, ಅಷ್ಟೇ.

ಇನ್ನೊಂದು ಮಾತು. ಉರಿಯೂತ ಮಾಗುವ ಹೊತ್ತಿನಲ್ಲಿ ಲೋಳೆಪೊರೆ ತಾತ್ಕಾಲಿಕವಾಗಿ ಇದೇ ರೂಪ ತಾಳುವುದುಂಟು. ಮೊದಲು ಆಂಟಿಬಯಾಟಿಕ್ ಕೊಟ್ಟು, ಕೆಲವು ವಾರ ಬಿಟ್ಟು ಅಪೆಂಡಿಕ್ಸ್ ತೆಗೆದಿದ್ದರೆ ಈ ಸಾಧ್ಯತೆ ಹೆಚ್ಚು. ನಿಮ್ಮದು ಹಾಗಲ್ಲ. ಹಾಗಿದ್ದವರು 'ಇದು ನಿಜವಾದ ಪಾಲಿಪ್ಪೋ, ಉರಿಯೂತದ ನಂತರದ ಬದಲಾವಣೆಯೋ' ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಪ್ರಶ್ನೆ: ರಿಪೋರ್ಟ್ ಎರಡು ಪುಟ ಇದೆ. ಯಾವ ಸಾಲು ಮುಖ್ಯ, ಯಾವುದನ್ನು ಬಿಟ್ಟರೂ ನಡೆಯುತ್ತದೆ?

ಉತ್ತರ: ರಿಪೋರ್ಟ್ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಓದುವುದು ಸುಲಭ.

ತೆಗೆದ ಅಪೆಂಡಿಕ್ಸನ್ನು ಅದರ ಗಾತ್ರದ ಹತ್ತು ಪಟ್ಟಾದರೂ ಫಾರ್ಮಲಿನ್ ಇರುವ ಡಬ್ಬಿಯಲ್ಲಿ ಮುಳುಗಿಸಿ ಕಳಿಸುತ್ತಾರೆ. ದ್ರವ ಕಡಿಮೆಯಾದರೆ ಅಥವಾ ಡಬ್ಬಿಗೆ ಹಾಕುವುದು ತಡವಾದರೆ ಒಳಗಿನ ಲೋಳೆಪೊರೆ ಮೊದಲು ಹಾಳಾಗುತ್ತದೆ. ಪಾಲಿಪ್ ಇರುವುದು ಅಲ್ಲೇ. ಅಂಗಾಂಶ ಗಟ್ಟಿಯಾದ ಮೇಲೆ ಉದ್ದ, ದಪ್ಪ ಅಳೆದು, ಹೊರಮೈಯಲ್ಲಿ ತೂತು ಅಥವಾ ಲೋಳೆ ಇದೆಯೇ ನೋಡಿ, ಕತ್ತರಿಸುತ್ತಾರೆ. ವಾಡಿಕೆಯಂತೆ ಮೂರು ಕಡೆಯ ಚೂರು ಸಾಕು: ಬುಡದ ಅಡ್ಡಚೂರು, ನಡುವಿನ ಅಡ್ಡಚೂರು, ತುದಿಯನ್ನು ಉದ್ದಕ್ಕೆ ಸೀಳಿದ ಚೂರು. ಇವನ್ನು ಮೇಣದಲ್ಲಿ ಅಚ್ಚು ಹಾಕಿ, 3ರಿಂದ 5 ಮೈಕ್ರಾನ್ ತೆಳುವಾಗಿ ಹೆರೆದು, ಬಣ್ಣ ಹಾಕಿ ನೋಡುತ್ತಾರೆ.

ಮೂರೇ ಚೂರು ನೋಡಿದಾಗ ಪಾಲಿಪ್ ಕಂಡಿತೆಂದರೆ ಉಳಿದ ಭಾಗದಲ್ಲಿ ಏನಿದೆ ಎಂಬುದು ಮುಂದಿನ ಪ್ರಶ್ನೆ. ಆಗ ಮಿಕ್ಕ ಅಪೆಂಡಿಕ್ಸನ್ನೂ ಪೂರ್ತಿ ಅಚ್ಚು ಹಾಕಿ ನೋಡಬೇಕು. 'ಪೂರ್ತಿ ಪರೀಕ್ಷಿಸಲಾಗಿದೆ' ಎಂಬರ್ಥದ ಸಾಲು ರಿಪೋರ್ಟಿನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ. ಡಬ್ಬಿಯಲ್ಲಿ ಉಳಿದ ಅಂಗಾಂಶವನ್ನು ಲ್ಯಾಬ್‌ಗಳು ಕೆಲವು ವಾರ ಮಾತ್ರ ಇಟ್ಟುಕೊಳ್ಳುತ್ತವೆ, ಆಮೇಲೆ ವಿಲೇವಾರಿ ಮಾಡುತ್ತವೆ. ಆದ್ದರಿಂದ ಈ ಒಂದು ವಿಚಾರದಲ್ಲಿ ತಡ ಮಾಡುವಂತಿಲ್ಲ.

ಆಮೇಲೆ ಪಾಲಿಪ್ಪಿನ ಹೆಸರು. 'ಪಾಲಿಪ್' ಎಂದಷ್ಟೇ ಬರೆದಿದ್ದರೆ ಅದು ಅರ್ಧ ರಿಪೋರ್ಟ್. ಹೈಪರ್‌ಪ್ಲಾಸ್ಟಿಕ್, ಸೆಸೈಲ್ ಸೆರೇಟೆಡ್, ಟ್ಯೂಬ್ಯುಲಾರ್ ಅಡಿನೋಮ, ಇನ್‌ಫ್ಲಮೇಟರಿ, ಜುವೆನೈಲ್, ಇವುಗಳಲ್ಲಿ ಯಾವುದೆಂದು ಹೇಳಬೇಕು. ಹೆಸರಿನ ಪಕ್ಕದಲ್ಲೇ 'ಡಿಸ್‌ಪ್ಲಾಸಿಯಾ' ಇದೆಯೇ ಇಲ್ಲವೇ ಎಂದಿರುತ್ತದೆ. ಕೋಶಗಳು ದಾರಿ ತಪ್ಪಲು ಶುರುಮಾಡಿವೆಯೇ ಎಂಬುದಕ್ಕೆ ಉತ್ತರ ಅದು. ಅಡಿನೋಮ ಎಂದರೆ ಸೌಮ್ಯ ಮಟ್ಟದ ಡಿಸ್‌ಪ್ಲಾಸಿಯಾ ಇದ್ದೇ ಇರುತ್ತದೆ. ಅಲ್ಲಿ 'ಲೋ ಗ್ರೇಡ್' ಎಂದು ಬರೆದಿದ್ದರೆ ಹೆದರಬೇಡಿ. 'ಹೈ ಗ್ರೇಡ್' ಎಂದಿದ್ದರೆ ಚೀಟಿ ಹಿಡಿದು ತಜ್ಞರ ಬಳಿ ಹೋಗಿ.

ಕೊನೆಗೆ ಬುಡದ ಮಾರ್ಜಿನ್, ಅಂದರೆ ಸೀಕಮ್‌ನಿಂದ ಕತ್ತರಿಸಿದ ಅಂಚು. ಪಾಲಿಪ್ ಆ ಅಂಚನ್ನು ಮುಟ್ಟಿಲ್ಲವೆಂದರೆ ನಿರಪಾಯದ ಪಾಲಿಪ್ಪಿಗೆ ಅಷ್ಟರಲ್ಲೇ ಚಿಕಿತ್ಸೆ ಮುಗಿದಂತೆ. ಉಳಿದ ಸಾಲುಗಳು, ಉದಾಹರಣೆಗೆ 'ಲಿಂಫಾಯ್ಡ್ ಹೈಪರ್‌ಪ್ಲಾಸಿಯಾ', 'ಕಂಜೆಸ್ಟೆಡ್ ವೆಸಲ್ಸ್', ನಿಮ್ಮ ತೀರ್ಮಾನವನ್ನು ಬದಲಿಸುವುದಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 62. ಅಪೆಂಡಿಕ್ಸಿನಲ್ಲಿ 'ಸೆಸೈಲ್ ಸೆರೇಟೆಡ್ ಲೀಷನ್, ಡಿಸ್‌ಪ್ಲಾಸಿಯಾ ಇಲ್ಲ, ಬುಡದ ಮಾರ್ಜಿನ್ ತನಕ ಹರಡಿದೆ' ಎಂದು ಬಂದಿದೆ. ಒಬ್ಬರು ದೊಡ್ಡ ಕರುಳಿನ ಬಲಭಾಗವನ್ನೇ ತೆಗೆಯಬೇಕು ಎಂದರು. ಅಷ್ಟು ಬೇಕೇ?

ಉತ್ತರ: ಈಗ ಕೈಯಲ್ಲಿರುವ ರಿಪೋರ್ಟಿನ ಮೇಲೆ ಅಷ್ಟು ದೊಡ್ಡ ಆಪರೇಷನ್‌ಗೆ ಒಪ್ಪಬೇಡಿ. ಬಲ ಅರ್ಧದ ದೊಡ್ಡ ಕರುಳು ತೆಗೆಯುವ ಆಪರೇಷನ್‌ನಲ್ಲಿ ಅದರ ರಕ್ತನಾಳಗಳ ಜೊತೆ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಅದು ಕರುಳಿನ ಗೋಡೆಯೊಳಗೆ ನುಗ್ಗಿದ ಕ್ಯಾನ್ಸರಿಗೆ ಇರುವ ಚಿಕಿತ್ಸೆ. ಡಿಸ್‌ಪ್ಲಾಸಿಯಾ ಇಲ್ಲದ ಸೆರೇಟೆಡ್ ಪಾಲಿಪ್ ದುಗ್ಧಗ್ರಂಥಿಗೆ ಹರಡುವುದಿಲ್ಲ. ಹರಡದ್ದಕ್ಕೆ ಗ್ರಂಥಿ ತೆಗೆದು ಏನು ಪ್ರಯೋಜನ?

ಸೆರೇಟೆಡ್ ಎಂದರೆ ಗರಗಸದ ಹಲ್ಲಿನಂತಿರುವುದು. ಮೈಕ್ರೋಸ್ಕೋಪಿನಲ್ಲಿ ಲೋಳೆಪೊರೆಯ ಸಣ್ಣ ಬಾವಿಯಂಥ ಗ್ರಂಥಿಗಳ ಒಳಅಂಚು ಗರಗಸದಂತೆ ಕಾಣುತ್ತದೆ. ಹೈಪರ್‌ಪ್ಲಾಸ್ಟಿಕ್ ಪಾಲಿಪ್ಪಿನಲ್ಲಿ ಈ ಹಲ್ಲುಗಳು ಬಾವಿಯ ಮೇಲರ್ಧಕ್ಕೆ ನಿಲ್ಲುತ್ತವೆ, ತಳ ಕಿರಿದಾಗಿ ಉಳಿಯುತ್ತದೆ. ಸೆಸೈಲ್ ಸೆರೇಟೆಡ್‌ನಲ್ಲಿ ಹಲ್ಲು ತಳದವರೆಗೂ ಇಳಿದು, ತಳವೇ ಅಗಲವಾಗಿ ಪಕ್ಕಕ್ಕೆ ತಿರುಗಿಕೊಂಡು, ಬೂಟಿನ ಆಕಾರ ಬರುತ್ತದೆ. ಎರಡನೆಯದು ವರ್ಷಗಳು ಕಳೆದಂತೆ ಡಿಸ್‌ಪ್ಲಾಸಿಯಾ ಕಡೆಗೆ ಸಾಗಬಲ್ಲದು. ಅದಕ್ಕೇ ಅದನ್ನು ಅಂಚಿನಲ್ಲಿ ಬಿಟ್ಟು ಮರೆತುಬಿಡುವುದಿಲ್ಲ.

ಮಾರ್ಜಿನ್ ಬಗ್ಗೆ ಒಂದು ಸೂಕ್ಷ್ಮವಿದೆ. ಲ್ಯಾಪರೋಸ್ಕೋಪಿಯಲ್ಲಿ ಬುಡವನ್ನು ಸ್ಟೇಪ್ಲರಿನಿಂದ ಕತ್ತರಿಸಿದ್ದರೆ ಅಂಚಿನುದ್ದಕ್ಕೂ ಲೋಹದ ಪಿನ್ನುಗಳ ಸಾಲು ಇರುತ್ತದೆ. ಲೋಹವನ್ನು ಲ್ಯಾಬಿನ ಬ್ಲೇಡ್ ಹೆರೆಯಲಾರದು. ಆ ಸಾಲನ್ನು ಕತ್ತರಿಸಿ ಬದಿಗಿಟ್ಟು, ಅದರ ಪಕ್ಕದ ಅಂಗಾಂಶವನ್ನು 'ಮಾರ್ಜಿನ್' ಎಂದು ನೋಡುತ್ತಾರೆ. ಹೀಗಾಗಿ ರಿಪೋರ್ಟಿನ ಮಾರ್ಜಿನ್‌ಗೂ ನಿಜವಾದ ಕತ್ತರಿಯ ಅಂಚಿಗೂ ಒಂದೆರಡು ಮಿ.ಮೀ. ಅಂತರ ಉಳಿದಿರುತ್ತದೆ. ಪಾಲಿಪ್ ಆ ಅಂತರದಲ್ಲೇ ಮುಗಿದಿರಬಹುದು, ಮುಂದುವರಿದೂ ಇರಬಹುದು. ಹೊಟ್ಟೆಯೊಳಗೆ ಉಳಿದ ಬುಡದ ತುಂಡು ಎಷ್ಟು ಎಂಬುದೂ ಮುಖ್ಯ. 5 ಮಿ.ಮೀ.ಗಿಂತ ಕಡಿಮೆ ಉಳಿಸುವುದು ಒಳ್ಳೆಯ ಕ್ರಮ. ಕೆಲವೊಮ್ಮೆ ಊತ ಜಾಸ್ತಿಯಿದ್ದಾಗ ಉದ್ದವಾಗಿ ಉಳಿದುಬಿಡುತ್ತದೆ. ಆಪರೇಷನ್ ಟಿಪ್ಪಣಿಯಲ್ಲಿ ಇದನ್ನು ಹುಡುಕಿ.

ಮೊದಲ ಹೆಜ್ಜೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಹಾಕಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ. ಹೊಟ್ಟೆಯ ಗಾಯ ಮಾಗಲಿ ಎಂದು ಆರರಿಂದ ಎಂಟು ವಾರ ಬಿಟ್ಟು ಮಾಡುತ್ತಾರೆ. ಸೀಕಮ್ ತಲುಪಿ, ಅಪೆಂಡಿಕ್ಸಿನ ಬಾಯಿ ಇದ್ದ ಜಾಗವನ್ನು ತೊಳೆದು ಹತ್ತಿರದಿಂದ ನೋಡುತ್ತಾರೆ. ಸೆರೇಟೆಡ್ ಪಾಲಿಪ್ ಚಪ್ಪಟೆಯಾಗಿ, ಮಸುಕು ಬಣ್ಣದಲ್ಲಿ, ಮೇಲೆ ಲೋಳೆಯ ಹೊದಿಕೆ ಹೊದ್ದು ಮಲಗಿರುತ್ತದೆ. ತೊಳೆಯದೆ ನೋಡಿದರೆ ಕಣ್ತಪ್ಪುತ್ತದೆ. ಅಲ್ಲಿ ಏನೂ ಕಾಣದಿದ್ದರೆ ಕಾಯ್ದು ನೋಡಬಹುದು. ಉಳಿಕೆ ಕಂಡರೆ, ಅಂಚು ಪೂರ್ತಿ ಕಣ್ಣಿಗೆ ಸಿಗುವಂತಿದ್ದಲ್ಲಿ ಕೊಲೊನೋಸ್ಕೋಪಿಯಲ್ಲೇ ತೆಗೆಯಬಹುದು. ಕುಳಿಯೊಳಗೆ ಇಳಿದಿದ್ದರೆ ಲ್ಯಾಪರೋಸ್ಕೋಪಿಯಲ್ಲಿ ಸೀಕಮ್‌ನ ಒಂದು ಸಣ್ಣ ತುಣುಕನ್ನು ಬುಡದ ಸಮೇತ ಸ್ಟೇಪಲ್ ಮಾಡಿ ತೆಗೆದರಾಯಿತು. ಅಲ್ಲಿ ಗಮನಿಸಬೇಕಾದ್ದು ಒಂದೇ: ಸಣ್ಣ ಕರುಳು ಸೀಕಮ್‌ಗೆ ಸೇರುವ ಕವಾಟ ಪಕ್ಕದಲ್ಲೇ ಇದೆ, ಸ್ಟೇಪ್ಲರ್ ಅದನ್ನು ಕಿರಿದು ಮಾಡಬಾರದು.

ಉಳಿದ ದೊಡ್ಡ ಕರುಳಿನಲ್ಲೂ ಪಾಲಿಪ್ ಇರಬಹುದು ಎಂಬುದು ಕೊಲೊನೋಸ್ಕೋಪಿಗೆ ಇರುವ ಎರಡನೆಯ ಕಾರಣ. ನಮ್ಮ ಅಭಿಪ್ರಾಯದಲ್ಲಿ ಮುಖ್ಯ ಕಾರಣವೇ ಅದು. ತಂದೆಯವರ ವಯಸ್ಸಿಗೆ ಅಪೆಂಡಿಕ್ಸಿನ ಪಾಲಿಪ್ಪಿಗಿಂತ ಕರುಳಿನ ಬೇರೆಡೆ ಅಡಗಿರಬಹುದಾದ ಪಾಲಿಪ್ಪೇ ಹೆಚ್ಚು ಚಿಂತೆಯ ವಿಷಯ.

ಪ್ರಶ್ನೆ: ಆ ಕೊಲೊನೋಸ್ಕೋಪಿಗೆ ತಯಾರಿ ಹೇಗೆ? ಸರಿಯಾಗಿ ಆಗಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಸೀಕಮ್ ಇರುವುದು ದೊಡ್ಡ ಕರುಳಿನ ಮೊದಲ ತುದಿಯಲ್ಲಿ. ಸಣ್ಣ ಕರುಳಿನಿಂದ ಅಂಟಂಟಾದ ಪಿತ್ತರಸ ಅಲ್ಲಿಗೇ ಬಂದು ಬೀಳುತ್ತದೆ. ಭೇದಿ ಔಷಧಿಯನ್ನೆಲ್ಲ ಹಿಂದಿನ ಸಂಜೆಯೇ ಕುಡಿದು ಮುಗಿಸಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಮತ್ತೆ ಹಳದಿ ಪದರ ಕಟ್ಟಿಕೊಂಡಿರುತ್ತದೆ. ಅದಕ್ಕೇ ಔಷಧಿಯನ್ನು ಎರಡು ಪಾಲು ಮಾಡುತ್ತಾರೆ: ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮುಂಚೆ. ಎರಡನೆಯ ಪಾಲು ಕುಡಿಯಲು ನಸುಕಿನಲ್ಲಿ ಏಳಬೇಕಾಗಬಹುದು, ಏಳಿ. ಹಿಂದಿನ ದಿನ ಬೀಜ, ಸಿಪ್ಪೆ, ನಾರು ಇರುವ ಪದಾರ್ಥ ಬೇಡ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ರಕ್ತದಂತೆ ಕಂಡು ಗೊಂದಲವಾಗುತ್ತದೆ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಐದಾರು ದಿನ ಮೊದಲೇ ನಿಲ್ಲಿಸಿ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರು ಹೇಳಿದ ದಿನಕ್ಕೆ ಹೇಳಿದಂತೆ ಮಾಡಿ.

ಪರೀಕ್ಷೆಯ ವರದಿಯಲ್ಲಿ ಸೀಕಮ್ ತಲುಪಿದ್ದಕ್ಕೆ ಸಾಕ್ಷಿಯಾಗಿ ಅಪೆಂಡಿಕ್ಸ್ ಬಾಯಿಯ ಫೋಟೋ ಇರಬೇಕು. ಕರುಳು ಎಷ್ಟು ಸ್ವಚ್ಛವಿತ್ತು ಎಂಬ ಅಂಕ ಇರಬೇಕು. ದೊಡ್ಡ ಕರುಳನ್ನು ಬಲ, ನಡು, ಎಡ ಎಂದು ಮೂರು ಭಾಗ ಮಾಡಿ ಅಂಕ ಕೊಡುವ ಬೋಸ್ಟನ್ ಅಳತೆಯಲ್ಲಿ 9ಕ್ಕೆ 6 ಅಥವಾ ಹೆಚ್ಚು, ಮೂರು ಭಾಗದಲ್ಲೂ ತಲಾ 2ಕ್ಕೆ ಕಡಿಮೆಯಿಲ್ಲದಂತೆ ಬಂದಿದ್ದರೆ ಸಾಕು. ಬಲಭಾಗಕ್ಕೆ 1 ಬಂದಿದ್ದರೆ ಒಟ್ಟು ಎಷ್ಟೇ ಇದ್ದರೂ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಎಂದೇ ತಿಳಿಯಿರಿ. ನೀವು ಪರೀಕ್ಷೆ ಮಾಡಿಸಿದ್ದು ಆ ಭಾಗಕ್ಕಾಗಿಯೇ ತಾನೆ?

ಪ್ರಶ್ನೆ: ಅಣ್ಣನ ರಿಪೋರ್ಟಿನಲ್ಲಿ 'ಲೋ ಗ್ರೇಡ್ ಮ್ಯೂಸಿನಸ್ ನಿಯೋಪ್ಲಾಸಂ' ಎಂದಿದೆ. 'ಲೋ ಗ್ರೇಡ್ ಅಂದರೆ ಪಾಲಿಪ್ ತರಹ, ಪರವಾಗಿಲ್ಲ' ಎಂದು ಪರಿಚಯದವರು ಹೇಳುತ್ತಾರೆ. ವೈದ್ಯರು ಮಾತ್ರ ವರ್ಷ ವರ್ಷ ಸ್ಕ್ಯಾನ್ ಬೇಕು ಅನ್ನುತ್ತಾರೆ.

ಉತ್ತರ: ವೈದ್ಯರ ಮಾತು ಕೇಳಿ. ಇದನ್ನು ಪಾಲಿಪ್‌ಗಳ ಗುಂಪಿಗೆ ಸೇರಿಸಬೇಡಿ. ಹೆಸರಿನ ಈ ಒಂದು ಗೊಂದಲದಿಂದ ಆಗುವ ಹಾನಿ ದೊಡ್ಡದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಲೋಳೆಪೊರೆಯ ಕೆಳಗೆ ತೆಳುವಾದ ಸ್ನಾಯುವಿನ ಎಳೆಯೊಂದಿದೆ. ಸೆರೇಟೆಡ್ ಪಾಲಿಪ್, ಅಡಿನೋಮ ಎರಡರಲ್ಲೂ ಆ ಎಳೆ ಹಾಗೇ ಉಳಿದಿರುತ್ತದೆ. ಬೆಳವಣಿಗೆ ಅದರ ಮೇಲೆ ಮಾತ್ರ. ಅಣ್ಣನಿಗಿರುವ ಗಡ್ಡೆಯಲ್ಲಿ ಆ ಎಳೆ ಅಳಿಸಿಹೋಗಿ, ಗೋಡೆ ನಾರುಗಟ್ಟಿ, ಲೋಳೆ ಸ್ರವಿಸುವ ಕೋಶಗಳು ಗೋಡೆಯನ್ನು ಹೊರಕ್ಕೆ ದೂಡುತ್ತಾ ಬರುತ್ತವೆ. ಕ್ಯಾನ್ಸರಿನಂತೆ ಬೇರು ಬಿಟ್ಟು ಕೊರೆಯುವುದಿಲ್ಲ. ಆದರೆ ಅಪೆಂಡಿಕ್ಸ್ ಒಡೆದು ಲೋಳೆ ಹೊಟ್ಟೆಯೊಳಕ್ಕೆ ಚೆಲ್ಲಿದರೆ, ಅದರ ಜೊತೆ ಹೋದ ಕೋಶಗಳು ಅಲ್ಲೇ ನೆಲೆಯೂರಿ ವರ್ಷಗಟ್ಟಲೆ ಲೋಳೆ ಸುರಿಸುತ್ತವೆ. ಹೊಟ್ಟೆ ಜೆಲ್ಲಿಯಂಥ ಲೋಳೆಯಿಂದ ತುಂಬಿಕೊಳ್ಳುವ ಈ ಸ್ಥಿತಿಗೆ ಸೂಡೋಮಿಕ್ಸೋಮಾ ಪೆರಿಟೋನಿಯೈ ಎಂಬ ಹೆಸರು 1884ರಷ್ಟು ಹಿಂದೆಯೇ ಬಂದಿದೆ.

ಗಡ್ಡೆ ಅಪೆಂಡಿಕ್ಸಿನ ಗೋಡೆಯೊಳಗೇ ಇದ್ದು, ಎಲ್ಲೂ ಒಡೆಯದೆ, ಹೊರಮೈಯಲ್ಲಿ ಲೋಳೆ ಇಲ್ಲದೆ, ಬುಡದ ಅಂಚಿಗೆ ತಾಗದೆ ಇದ್ದರೆ ಅಪೆಂಡಿಕ್ಸ್ ತೆಗೆದಲ್ಲಿಗೇ ಚಿಕಿತ್ಸೆ ಮುಗಿಯುತ್ತದೆ. ಆಮೇಲಿನ ಸ್ಕ್ಯಾನ್‌ಗಳು ಎಚ್ಚರಿಕೆಗಾಗಿ. ಹೊರಮೈಯಲ್ಲಿ ಲೋಳೆ ಇದ್ದರೆ ಅದರಲ್ಲಿ ಕೋಶಗಳಿವೆಯೇ ಇಲ್ಲವೇ ಎಂದು ರಿಪೋರ್ಟ್ ಸ್ಪಷ್ಟವಾಗಿ ಹೇಳಬೇಕು. ಹೇಳಿರದಿದ್ದರೆ ಈ ಕಾಯಿಲೆಯಲ್ಲಿ ಅನುಭವವಿರುವ ಇನ್ನೊಬ್ಬ ರೋಗಶಾಸ್ತ್ರ ತಜ್ಞರಿಗೆ ಸ್ಲೈಡ್ ತೋರಿಸಿ.

ಹಳೆಯ ರಿಪೋರ್ಟ್‌ಗಳಲ್ಲಿ ಇದನ್ನೇ 'ಮ್ಯೂಸಿನಸ್ ಸಿಸ್ಟ್‌ಅಡಿನೋಮ' ಎಂದು ಬರೆದು ನಿರಪಾಯದ ಲೆಕ್ಕಕ್ಕೆ ಸೇರಿಸುತ್ತಿದ್ದರು. ಆ ಹೆಸರನ್ನು ಈಗ ಕೈಬಿಡಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣದಲ್ಲಿ ಸೆರೇಟೆಡ್ ಪಾಲಿಪ್‌ಗಳು ಒಂದು ಗುಂಪು, ಮ್ಯೂಸಿನಸ್ ನಿಯೋಪ್ಲಾಸಂಗಳು ಇನ್ನೊಂದು. ಯಾರ ಮನೆಯಲ್ಲಾದರೂ ಹಳೆಯ ಹೆಸರಿನ ರಿಪೋರ್ಟ್ ಇದ್ದರೆ ಅದನ್ನು ಒಮ್ಮೆ ತಜ್ಞರಿಗೆ ತೋರಿಸುವುದು ಒಳಿತು.

ಪ್ರಶ್ನೆ: ಬೇರೆ ಕಾರಣಕ್ಕೆ ಸಿಟಿ ಸ್ಕ್ಯಾನ್ ಮಾಡಿಸಿದಾಗ ಅಪೆಂಡಿಕ್ಸ್ 16 ಮಿ.ಮೀ. ದಪ್ಪ ಇದೆ ಎಂದು ಬಂತು. ನೋವೇ ಇಲ್ಲ. ಸೂಜಿ ಹಾಕಿ ಬಯಾಪ್ಸಿ ಮಾಡಬಾರದೇ?

ಉತ್ತರ: ಬೇಡವೇ ಬೇಡ. ಉರಿಯೂತವಿಲ್ಲದೆ 15 ಮಿ.ಮೀ. ಮೀರಿ ಊದಿದ ಅಪೆಂಡಿಕ್ಸ್ ಎಂದರೆ ಒಳಗೆ ಲೋಳೆ ತುಂಬಿರುವ ಸಾಧ್ಯತೆ ಹೆಚ್ಚು. ಗೋಡೆಯಲ್ಲಿ ಸುಣ್ಣದ ಗೆರೆ ಕಂಡರೆ ಇನ್ನೂ ಹೆಚ್ಚು. ಬಾಯಿಯಲ್ಲಿ ಕುಳಿತ ಸಾಧಾರಣ ಪಾಲಿಪ್ಪೊಂದು ದಾರಿ ಕಟ್ಟಿ ಹೀಗಾಗಿರಬಹುದು, ಹಿಂದಿನ ಉತ್ತರದಲ್ಲಿ ಹೇಳಿದ ಗಡ್ಡೆಯೂ ಇರಬಹುದು. ಸ್ಕ್ಯಾನ್ ಇವೆರಡನ್ನು ಖಚಿತವಾಗಿ ಬೇರ್ಪಡಿಸಲಾರದು. ಸೂಜಿ ಚುಚ್ಚಿದರೆ ಲೋಳೆ ಸೋರುತ್ತದೆ. ಅಪೆಂಡಿಕ್ಸನ್ನು ಇಡಿಯಾಗಿ, ಹಿಂಡದೆ, ಚೀಲದೊಳಗೆ ಹಾಕಿಯೇ ಹೊರತೆಗೆಯುವುದು ಸರಿಯಾದ ಬಯಾಪ್ಸಿ. ಲ್ಯಾಪರೋಸ್ಕೋಪಿಯ ಇಕ್ಕಳದಿಂದ ಅಪೆಂಡಿಕ್ಸನ್ನೇ ಹಿಡಿಯದೆ, ಅದಕ್ಕೆ ರಕ್ತನಾಳ ತರುವ ಕೊಬ್ಬಿನ ಮಡಿಕೆಯನ್ನು ಹಿಡಿದು ಎತ್ತಬೇಕು. ಅದು ಸಾಧ್ಯವಿಲ್ಲವೆನಿಸಿದರೆ ಹೊಟ್ಟೆ ತೆರೆದು ಮಾಡುವುದೇ ಮೇಲು. ಆಪರೇಷನ್‌ಗೆ ಮುಂಚೆ ಕೊಲೊನೋಸ್ಕೋಪಿ ಮಾಡಿಸಿದರೆ ಬಾಯಿಯಲ್ಲಿ ಪಾಲಿಪ್ ಇದೆಯೇ ತಿಳಿಯುತ್ತದೆ.

ಪ್ರಶ್ನೆ: ಕೊಲೊನೋಸ್ಕೋಪಿಯಲ್ಲಿ ಅಪೆಂಡಿಕ್ಸ್ ಬಾಯಿಯಿಂದ ಪಾಲಿಪ್ ಇಣುಕುತ್ತಿದೆ ಎಂದರು. ಬೇರೆಡೆಯ ಎರಡು ಪಾಲಿಪ್ ತೆಗೆದರು, ಇದನ್ನು ಮುಟ್ಟಲಿಲ್ಲ. ಯಾಕೆ?

ಉತ್ತರ: ಮುಟ್ಟದೆ ಬಿಟ್ಟದ್ದು ಜಾಣತನ. ಅಲ್ಲಿ ಕಾಣುವ ಉಬ್ಬು ಪಾಲಿಪ್ಪೇ ಆಗಿರಬೇಕೆಂದಿಲ್ಲ. ಅಪೆಂಡಿಕ್ಸೇ ಅಂಗಿಯ ತೋಳು ಒಳಮಗ್ಗುಲಾದಂತೆ ಸೀಕಮ್‌ನೊಳಕ್ಕೆ ತಿರುಚಿಕೊಂಡು ಬಂದಿದ್ದರೆ ತೊಟ್ಟಿರುವ ಪಾಲಿಪ್‌ನಂತೆಯೇ ಕಾಣುತ್ತದೆ. ಅದಕ್ಕೆ ತಂತಿಯ ಕುಣಿಕೆ ಹಾಕಿ ಸುಟ್ಟು ಕತ್ತರಿಸಿದರೆ ಕತ್ತರಿಸಿದ್ದು ಕರುಳಿನ ಪೂರ್ತಿ ಗೋಡೆ. ತೂತು ಬಿದ್ದು ಮಲ ಹೊಟ್ಟೆಯೊಳಗೆ ಸೋರುತ್ತದೆ. ಸುಳಿವು ಏನೆಂದರೆ, ಅಪೆಂಡಿಕ್ಸಿನ ಬಾಯಿ ಇರಬೇಕಾದ ಕಡೆ ಬಾಯಿ ಕಾಣದೆ, ಅದೇ ಜಾಗದಲ್ಲಿ ಉಬ್ಬು ಎದ್ದಿರುತ್ತದೆ. ಹಿಂದೆ ಅಪೆಂಡಿಕ್ಸ್ ತೆಗೆದು ಬುಡವನ್ನು ಒಳಕ್ಕೆ ಮಡಿಚಿ ಹೊಲಿದವರಲ್ಲೂ ಇಂಥ ಹುಸಿ ಪಾಲಿಪ್ ಕಾಣುತ್ತದೆ. ಎಷ್ಟೇ ವರ್ಷ ಹಿಂದಿನದಾದರೂ ಅಪೆಂಡಿಕ್ಸ್ ಆಪರೇಷನ್ ಆಗಿದ್ದರೆ ಕೊಲೊನೋಸ್ಕೋಪಿಗೆ ಮಲಗುವ ಮುಂಚೆ ಹೇಳಲೇಬೇಕು.

ನಿಜವಾದ ಪಾಲಿಪ್ ಆಗಿದ್ದರೂ ಅದು ಎಷ್ಟು ಒಳಕ್ಕೆ ಇಳಿದಿದೆ ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ. ಬಾಯಿಯ ಅಂಚಿಗೆ ನಿಂತಿದ್ದರೆ ಅನುಭವಿಗಳು ಕೊಲೊನೋಸ್ಕೋಪಿಯಲ್ಲೇ ತೆಗೆಯುತ್ತಾರೆ. ಒಳಗೆ ಇಳಿದು ಕೊನೆ ಕಾಣದಿದ್ದರೆ ತೆಗೆದದ್ದು ಅರ್ಧವಾಗುತ್ತದೆ. ಉಳಿದರ್ಧ ಗಾಯದ ಕಲೆಯ ಹಿಂದೆ ಮುಚ್ಚಿಹೋಗಿ, ಮುಂದಿನ ಪರೀಕ್ಷೆಗೆ ಕಾಣದೆ ಬೆಳೆಯುತ್ತದೆ. ಬಾಯಿ ಊದಿ ಮುಚ್ಚಿಕೊಂಡು ಅಪೆಂಡಿಸೈಟಿಸ್ ಬರುವ ಅಪಾಯವೂ ಇದೆ. ಹಾಗಿದ್ದಲ್ಲಿ ಸರ್ಜನ್ ಬಳಿ ಹೋಗಿ ಸೀಕಮ್‌ನ ತುಣುಕಿನೊಂದಿಗೆ ಅಪೆಂಡಿಕ್ಸ್ ತೆಗೆಸುವುದು ಶುದ್ಧವಾದ ಕೆಲಸ.

ಪ್ರಶ್ನೆ: ಒಂಬತ್ತು ವರ್ಷದ ಮಗನ ಅಪೆಂಡಿಕ್ಸಿನಲ್ಲಿ 'ಹ್ಯಾಮಾರ್ಟೋಮಾ ಬಗೆಯ ಪಾಲಿಪ್' ಸಿಕ್ಕಿದೆ. ಅವನ ತುಟಿಯ ಮೇಲೆ ಕಪ್ಪು ಚುಕ್ಕೆಗಳಿವೆಯೇ ಎಂದು ವೈದ್ಯರು ಕೇಳಿದರು. ಸಂಬಂಧವೇನು?

ಉತ್ತರ: ಒಳ್ಳೆಯ ವೈದ್ಯರು ಕೇಳಬೇಕಾದ ಪ್ರಶ್ನೆಯೇ ಅದು. ಹ್ಯಾಮಾರ್ಟೋಮಾ ಎಂದರೆ ಆ ಜಾಗದ ಸಹಜ ಅಂಗಾಂಶಗಳೇ ಅಡ್ಡಾದಿಡ್ಡಿಯಾಗಿ ಬೆಳೆದ ಗಂಟು. ತುಟಿ, ಕೆನ್ನೆಯ ಒಳಭಾಗ, ಬೆರಳ ತುದಿಗಳಲ್ಲಿ ಕಡುಕಂದು ಚುಕ್ಕೆ ಮತ್ತು ಕರುಳಿನಲ್ಲಿ ಇಂಥ ಪಾಲಿಪ್ ಸೇರಿದರೆ ಪ್ಯೂಟ್ಸ್ ಜೆಗರ್ಸ್ ಎಂಬ ವಂಶವಾಹಿ ತೊಂದರೆಯನ್ನು ಯೋಚಿಸಬೇಕು. ಎಸ್‌ಟಿಕೆ11 ಎಂಬ ಜೀನ್‌ನ ದೋಷದಿಂದ ಬರುತ್ತದೆ. ತುಟಿಯ ಚುಕ್ಕೆಗಳು ಪ್ರಾಯಕ್ಕೆ ಬಂದ ಮೇಲೆ ಮಾಸಬಹುದು. ಕೆನ್ನೆಯ ಒಳಗಿನವು ಉಳಿಯುತ್ತವೆ. ಆದ್ದರಿಂದ ಟಾರ್ಚ್ ಹಿಡಿದು ಮಗುವಿನ ಬಾಯಿ ಒಳಗೆ ನೋಡಿ, ಅಪ್ಪ ಅಮ್ಮ ಇಬ್ಬರ ಬಾಯಿಯನ್ನೂ ನೋಡಿಕೊಳ್ಳಿ. ಈ ತೊಂದರೆ ಇದ್ದವರಲ್ಲಿ ಪಾಲಿಪ್‌ಗಳು ಹೆಚ್ಚಾಗಿ ಸಣ್ಣ ಕರುಳಿನಲ್ಲಿ ಬೆಳೆದು, ಕರುಳಿನೊಳಗೆ ಕರುಳು ಹೊಕ್ಕು ಸಿಕ್ಕಿಕೊಳ್ಳುವಂತೆ ಮಾಡುತ್ತವೆ. ಅದಕ್ಕಾಗಿ ಎಂಟನೆಯ ವಯಸ್ಸಿಗೇ ಮೊದಲ ತಪಾಸಣೆ ಶುರು ಮಾಡುವ ಪದ್ಧತಿಯಿದೆ. ಮಗುವಿಗೆ ಹೊಟ್ಟೆ ಹಿಂಡಿದಂತೆ ನೋವು ಬಂದು ವಾಂತಿಯಾದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಚುಕ್ಕೆಯೂ ಇಲ್ಲ, ಮನೆಯಲ್ಲಿ ಯಾರಿಗೂ ಇಲ್ಲ, ಪಾಲಿಪ್ ಒಂದೇ ಒಂದು ಎಂದಾದರೆ ಬಿಡಿ ಪ್ರಕರಣವಾಗಿರುವ ಸಾಧ್ಯತೆಯೇ ಹೆಚ್ಚು. 'ಜುವೆನೈಲ್ ಪಾಲಿಪ್' ಎಂಬುದೂ ಇದೇ ಗುಂಪಿನದು. ಜುವೆನೈಲ್ ಎಂಬುದು ಪಾಲಿಪ್ಪಿನ ರಚನೆಗೆ ಇಟ್ಟ ಹೆಸರು, ರೋಗಿಯ ವಯಸ್ಸಿಗಲ್ಲ, ದೊಡ್ಡವರಿಗೂ ಬರಬಹುದು. ದೊಡ್ಡ ಕರುಳಿನಲ್ಲಿ ಐದು ಅಥವಾ ಹೆಚ್ಚು ಸಿಕ್ಕರೆ, ಇಲ್ಲವೇ ಮನೆಯಲ್ಲಿ ಬೇರೆಯವರಿಗೂ ಈ ತೊಂದರೆ ಇದ್ದರೆ, ಅದನ್ನು ಜುವೆನೈಲ್ ಪಾಲಿಪೋಸಿಸ್ ಎಂದು ಪರಿಗಣಿಸಿ ಜೀನ್ ಪರೀಕ್ಷೆಗೆ ಕಳಿಸುತ್ತಾರೆ.

ಪ್ರಶ್ನೆ: ನನಗೆ 47. ಅಪೆಂಡಿಕ್ಸ್ ಸುತ್ತ ಕೀವು ಕಟ್ಟಿತ್ತು. ಆಂಟಿಬಯಾಟಿಕ್‌ನಲ್ಲೇ ಗುಣವಾಯಿತು, ಆಪರೇಷನ್ ಆಗಲಿಲ್ಲ. ಒಳಗೆ ಪಾಲಿಪ್ ಇದ್ದರೆ ತಿಳಿಯುವುದು ಹೇಗೆ?

ಉತ್ತರ: ತಿಳಿಯುವುದಿಲ್ಲ ಎಂಬುದೇ ತೊಡಕು. ಅಪೆಂಡಿಕ್ಸ್ ಹೊರಗೆ ಬಂದರೆ ತಾನೆ ಮೈಕ್ರೋಸ್ಕೋಪಿಗೆ ಹೋಗುವುದು. ಕೀವು ಕಟ್ಟಿದ್ದ 60 ಜನರ ಮೇಲೆ ಫಿನ್ಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐದರಲ್ಲೊಬ್ಬರ ಅಪೆಂಡಿಕ್ಸಿನಲ್ಲಿ ಗಡ್ಡೆ ಸಿಕ್ಕಿತು. ಸಿಕ್ಕವರೆಲ್ಲ 40 ದಾಟಿದವರು. ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. ಅವು ಬರೀ ಪಾಲಿಪ್‌ಗಳಲ್ಲ ಎಂಬುದನ್ನು ನೆನಪಿಡಿ. ನೀವು 40 ದಾಟಿದ್ದೀರಿ, ಕೀವೂ ಕಟ್ಟಿತ್ತು. ಊತ ಇಳಿದ ಮೇಲೆ ಕೊಲೊನೋಸ್ಕೋಪಿ ಮತ್ತು ಕಾಂಟ್ರಾಸ್ಟ್ ಹಾಕಿದ ಸಿಟಿ ಸ್ಕ್ಯಾನ್ ಎರಡೂ ಮಾಡಿಸಿ, ಅಪೆಂಡಿಕ್ಸ್ ತೆಗೆಸುವ ವಿಚಾರವನ್ನು ಸರ್ಜನ್ ಜೊತೆ ಕೂತು ಮಾತಾಡಿ. ತೆಗೆಸುವುದರ ಕಡೆಗೇ ನಮ್ಮ ಒಲವು. ಸ್ಕ್ಯಾನ್ ಎಲ್ಲ ಸರಿಯಿದೆ ಎಂದರೂ ಚಪ್ಪಟೆ ಪಾಲಿಪ್ ಅದಕ್ಕೆ ಕಾಣುವುದಿಲ್ಲ.

ಪ್ರಶ್ನೆ: ರಿಪೋರ್ಟಿನಲ್ಲಿ 'ನ್ಯೂರೋಮಾ' ಎಂದಿದೆ. ಇನ್ನೊಬ್ಬರಿಗೆ 'ನ್ಯೂರೋಎಂಡೋಕ್ರೈನ್ ಟ್ಯೂಮರ್ 6 ಮಿ.ಮೀ.' ಎಂದಿದೆ. ಎರಡೂ ಒಂದೇನಾ?

ಉತ್ತರ: ಅಲ್ಲ. ನ್ಯೂರೋಮಾ ಎಂದರೆ ವಯಸ್ಸಾದಂತೆ ಅಪೆಂಡಿಕ್ಸಿನ ತುದಿಯ ಒಳಜಾಗ ನಾರು ಮತ್ತು ನರದ ಎಳೆಗಳಿಂದ ಮುಚ್ಚಿಹೋಗುವುದು. ತೀರಾ ಸಾಮಾನ್ಯ, ಏನೂ ಮಾಡಬೇಕಿಲ್ಲ. ನ್ಯೂರೋಎಂಡೋಕ್ರೈನ್ ಗಡ್ಡೆಯನ್ನು ಹಿಂದೆ ಕಾರ್ಸಿನಾಯ್ಡ್ ಎನ್ನುತ್ತಿದ್ದರು. ಅದೂ ಹೆಚ್ಚಾಗಿ ತುದಿಯಲ್ಲೇ ಇರುತ್ತದೆ, ಆದರೆ ಅದು ಪಾಲಿಪ್ ಅಲ್ಲ. 1 ಸೆಂ.ಮೀ.ಗಿಂತ ಚಿಕ್ಕದಿದ್ದು ಪೂರ್ತಿ ಹೊರಬಂದಿದ್ದರೆ ಅಪೆಂಡಿಕ್ಸ್ ತೆಗೆದದ್ದೇ ಸಾಕು. 2 ಸೆಂ.ಮೀ. ದಾಟಿದರೆ ದೊಡ್ಡ ಆಪರೇಷನ್. ನಡುವಿನವರು ತಜ್ಞರನ್ನು ಕಂಡು ತೀರ್ಮಾನಿಸಬೇಕು.

ಪ್ರಶ್ನೆ: ಪಾಲಿಪ್ ಮತ್ತೆ ಬರದಂತೆ ಏನು ತಿನ್ನಬೇಕು?

ಉತ್ತರ: ಬುಡದಲ್ಲಿ ಉಳಿಯದಂತೆ ಪಾಲಿಪ್ ಅಪೆಂಡಿಕ್ಸಿನ ಜೊತೆ ಪೂರ್ತಿ ಹೊರಬಂದಿದ್ದರೆ ಅಲ್ಲಿ ಮತ್ತೆ ಬರುವ ಮಾತಿಲ್ಲ. ಅಪೆಂಡಿಕ್ಸಿನ ಪಾಲಿಪ್ಪಿಗೆಂದೇ ಪಥ್ಯ ಯಾವುದೂ ಇಲ್ಲ. ಸಿಗರೇಟ್ ಸೇದುವವರಲ್ಲಿ ದೊಡ್ಡ ಕರುಳಿನ ಸೆರೇಟೆಡ್ ಪಾಲಿಪ್ ಹೆಚ್ಚು ಎಂಬುದು ಖಚಿತವಾಗಿ ಗೊತ್ತಿರುವ ಸಂಗತಿ. ಸೇದುತ್ತಿದ್ದರೆ ಬಿಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆಸಿದ್ದೆ. ರಿಪೋರ್ಟ್ ತರಲೇ ಇಲ್ಲ. ಈಗ ಸಿಗುತ್ತದೆಯೇ?

ಉತ್ತರ: ಸಿಗುವ ಸಾಧ್ಯತೆ ಚೆನ್ನಾಗಿದೆ. ಫಾರ್ಮಲಿನ್ ಡಬ್ಬಿ ಬಹಳ ದಿನ ಇರದಿದ್ದರೂ ಮೇಣದ ಅಚ್ಚುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಮತ್ತು ಗಾಜಿನ ಸ್ಲೈಡ್‌ಗಳನ್ನು ಲ್ಯಾಬ್‌ಗಳು ವರ್ಷಗಟ್ಟಲೆ ಕಾಪಾಡುತ್ತವೆ. ಡಿಸ್ಚಾರ್ಜ್ ಚೀಟಿಯಲ್ಲಿರುವ ಆಸ್ಪತ್ರೆ ನಂಬರ್, ಆಪರೇಷನ್ ತಾರೀಕು ಬರೆದುಕೊಂಡು ಮೆಡಿಕಲ್ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಡಿ. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗಿದ್ದರೆ ಆ ಲ್ಯಾಬಿನ ಬಯಾಪ್ಸಿ ನಂಬರ್ ಬೇರೆ ಇರುತ್ತದೆ, ಅದನ್ನೂ ಕೇಳಿ. ಹಿಸ್ಟೊಪೆಥಾಲಜಿ ರಿಪೋರ್ಟಿನ ಜೊತೆ ಆಪರೇಷನ್ ಟಿಪ್ಪಣಿಯ ಪ್ರತಿಯನ್ನೂ ಪಡೆಯಿರಿ. ರಿಪೋರ್ಟಿನಲ್ಲಿ ಪಾಲಿಪ್ ಎಂದಿದ್ದು ಬಗೆ ಬರೆದಿಲ್ಲವಾದರೆ ಬ್ಲಾಕ್‌ಗಳನ್ನೇ ಎರವಲು ಕೇಳಿ ಇನ್ನೊಬ್ಬ ತಜ್ಞರಿಗೆ ಕಳಿಸಬಹುದು. ಸ್ಲೈಡ್ ಮಾತ್ರ ಕೊಟ್ಟರೆ ಅವರು ಹೊಸದಾಗಿ ಹೆರೆದು ಬೇರೆ ಬಣ್ಣ ಹಾಕಿ ನೋಡಲು ಆಗುವುದಿಲ್ಲ. ಬ್ಲಾಕ್‌ಗಳನ್ನು ಬಿಸಿಲಿಗೆ, ನಿಲ್ಲಿಸಿದ ಕಾರಿನೊಳಗೆ ಇಡಬೇಡಿ, ಮೇಣ ಕರಗುತ್ತದೆ.